ಕೀಲಿಲ್ಲದ ಚೌಕಟ್ಟು

“ಕೀಲು ಕಿತ್ತು ಬಿಸಾಡಿದ ಮೇಲೆ ಉಳಿಯೋದು ಗುಜರಿ, ಮೇಡಂ. ಅದಕ್ಕೆ ಗಣಿತ ಅಂತ ಹೆಸರಿಡಬೇಡಿ.”

“ಎರಡು ಪುಟ ಓದಿ ಗುಜರಿ ಅಂದ್ರಾ? ಮೂರನೇ ಪುಟಕ್ಕೆ ಹೋಗೋಕೆ ಹೆದರಿಕೆ ಅಂತ ನೇರವಾಗಿ ಹೇಳಿ.”

“ಹೆದರಿಕೆ, ನನಗೆ? ವಯಸ್ಸು ಏರ್ತಾ ಏರ್ತಾ ನಿಮಗೆ ಗಾಳಿಗೋಪುರ ಕಟ್ಟೋ ಚಟ ಹತ್ತಿದೆ.”

“ನಿಮಗೆ ಏರಿದ್ದು ವಯಸ್ಸು ಒಂದೇ.”

ಗುಡುಗಪ್ಪ ಆಗ ವೈಸಿಗೆ ಕಬ್ಬಿಣದ ಪಟ್ಟಿಯೊಂದನ್ನು ಕಚ್ಚಿಸಿ ಅರದಿಂದ ಅಂಚು ತೀಡುತ್ತಿದ್ದ. ಕೈ ತಾನಾಗಿಯೇ ನಿಂತಿತು. ಗುಡುಗಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸಿಟ್ಟು ಬಂದರೆ ತಗಡಿನ ಶೆಟರು ನಡುಗುವ ಹಾಗೆ ಕೂಗುತ್ತಾನೆಂದು ಬೀದಿಯವರು ಇಟ್ಟದ್ದು. ಈಗ ಗಿರಾಕಿಗಳೂ ಅದೇ ಹೆಸರು ಹಿಡಿದು ದಾರಿ ಕೇಳಿಕೊಂಡು ಬರುತ್ತಿದ್ದರು. ಈ ವರ್ಕ್‌ಶಾಪಿನಲ್ಲಿ ಕೂಗುವ ಹಕ್ಕು ತನ್ನೊಬ್ಬನದು ಎಂದು ಅವನು ನಂಬಿದ್ದ. ಇವತ್ತು ನೋಡಿದರೆ ತಲೆ ಬೆಳ್ಳಗಾದ ಇಬ್ಬರು, ಅದೂ ಓದಿದವರು, ಅವನ ಜಾಗದಲ್ಲಿ ನಿಂತು ಅವನಿಗಿಂತ ಜೋರಾಗಿ ಕೂಗುತ್ತಿದ್ದರು.

ಒಬ್ಬರು ಅವನ ಅತ್ತೆ, ಹೆಂಡತಿಯ ತಾಯಿ. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ಮಗಳ ಮನೆಗೆ ಬಂದಿದ್ದರು. ಮನೆ ಮೇಲೆ, ವರ್ಕ್‌ಶಾಪು ಕೆಳಗೆ. ಇನ್ನೊಬ್ಬರು ಅದೇ ಕಾಲೇಜಿನಲ್ಲಿ ಅತ್ತೆಯ ಪಕ್ಕದ ಕೋಣೆಯಲ್ಲಿದ್ದ ಮೇಷ್ಟ್ರು. ಒಂಟಿ ಜೀವ. ಆಳು ಉದ್ದಕ್ಕೆ, ತೆಳ್ಳಗೆ. ಮಾತಾಡುತ್ತಿದ್ದುದೂ ಬರೀ ಕೋಲುಗಳ ವಿಚಾರ. ಹಾಗಾಗಿ ಹುಡುಗರು ಕೋಲು ಮೇಷ್ಟ್ರು ಎಂದು ಕರೆದಿದ್ದರು. ಅವರಿಗೇ ಆ ಹೆಸರಿನ ಮೇಲೆ ಒಂದು ಬಗೆಯ ಪ್ರೀತಿ. ಅಂಗಿಯ ಜೇಬಿನಲ್ಲಿ ಸದಾ ರೆಕ್ಕೆಯ ಹಿತ್ತಾಳೆ ನಟ್ಟೊಂದು ಇರುತ್ತಿತ್ತು. ಯೋಚನೆಗೆ ಬಿದ್ದರೆ ಅದನ್ನು ಬೆರಳುಗಳ ನಡುವೆ ತಿರುಗಿಸುತ್ತ ಕೂರುವರು. ಭಾನುವಾರ ಮಿಷನ್ನುಗಳೆಲ್ಲ ಬಂದಾಗಿರುವಾಗ ಇಬ್ಬರೂ ಹಿಂದಿನ ಅಗಲ ಮೇಜಿಗೆ ಸ್ಟೂಲು ಎಳೆದುಕೊಂಡು ಕುಳಿತರೆಂದರೆ ಮಧ್ಯಾಹ್ನದ ಊಟಕ್ಕೆ ಹೆಂಡತಿ ಮೆಟ್ಟಿಲ ಮೇಲಿಂದ ಹತ್ತು ಸಲ ಕೂಗಬೇಕು.

ಅವರಿಬ್ಬರೂ ಮಾಡುವುದೇನೆಂದು ಯಾರಾದರೂ ಕೇಳಿದರೆ ಗುಡುಗಪ್ಪ ಎದೆ ಮುಂದೆ ಮಾಡಿಕೊಂಡು ಹೇಳುತ್ತಿದ್ದ. ಯಾವ ಚೌಕಟ್ಟು ನಿಲ್ಲುತ್ತದೆ, ಯಾವುದು ವಾಲುತ್ತದೆ ಎಂಬುದನ್ನು ಕಟ್ಟುವ ಮೊದಲೇ ಹೇಳುವ ವಿದ್ಯೆ. ಮೂರು ಪಟ್ಟಿಗೆ ಮೂರು ಬೋಲ್ಟು ಹಾಕಿ ತ್ರಿಕೋನ ಮಾಡಿದರೆ ಬಂಡೆಯ ಹಾಗೆ ಕೂರುತ್ತದೆ. ನಾಲ್ಕು ಪಟ್ಟಿಯ ಚೌಕ ಮಾಡಿದರೆ ಕುಡಿದವನ ಹಾಗೆ ಪಕ್ಕಕ್ಕೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಐದನೆಯದು ಕೊಟ್ಟರೆ ಅಮಲು ಇಳಿಯುತ್ತದೆ. ಇಷ್ಟು ಯಾವ ಫಿಟ್ಟರಿಗೂ ಗೊತ್ತು. ಆದರೆ ಮೂವತ್ತು ನಲವತ್ತು ಬೋಲ್ಟುಗಳ ಗೋಜಲು ಎದುರಿಗೆ ಬಂದಾಗ ಕಣ್ಣು ಕೈ ಕೊಡುತ್ತದೆ. ಆಗ ಎಣಿಸಬೇಕು. ಬೋಲ್ಟು ಬೀಳುವ ಜಾಗಕ್ಕೆ ಅವರು ಕೀಲು ಅನ್ನುತ್ತಿದ್ದರು. ಕೀಲುಗಳನ್ನು ಎಣಿಸು, ಎರಡರಷ್ಟು ಮಾಡು, ಮೂರು ಕಳೆ. ಅಷ್ಟು ಪಟ್ಟಿ ಇರಬೇಕು. ಚೌಕಟ್ಟಿನ ಯಾವ ಭಾಗ ತೆಗೆದುಕೊಂಡರೂ ಅದರೊಳಗೆ ಅದೇ ಲೆಕ್ಕಕ್ಕಿಂತ ಹೆಚ್ಚು ತುರುಕಿರಬಾರದು. ಇಷ್ಟಿದ್ದರೆ ಚೌಕಟ್ಟು ಸಾಧಾರಣವಾಗಿ ಬಿಗಿ. ಸಾಧಾರಣವಾಗಿ ಅನ್ನುವ ಮಾತನ್ನು ಇಬ್ಬರೂ ತಪ್ಪದೆ ಸೇರಿಸುತ್ತಿದ್ದರು. ಅದು ಓದಿದವರ ಸಂಕೋಚ, ಯಾವುದನ್ನೂ ನೆಟ್ಟಗೆ ಹೇಳಲು ಬಾರದವರು ಎಂದು ಗುಡುಗಪ್ಪ ಅಂದುಕೊಂಡಿದ್ದ.

ಅವನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ. ಅತ್ತೆ ಬಂದ ಹೊಸತರಲ್ಲಿ, ಈ ಲೆಕ್ಕದಮ್ಮ ನನಗೇನು ಹೇಳಿಕೊಡುವುದು ಎಂಬ ಗತ್ತು ಅವನಿಗಿತ್ತು. ಒಂದು ದಿನ ಗೋಡೆಗೆ ನಿಲ್ಲಿಸಿದ್ದ ಜಾಹೀರಾತಿನ ಚೌಕಟ್ಟನ್ನು ಅವರು ಮೇಲಿಂದ ಕೆಳಗೆ ನೋಡಿ, ನಡುವಿನ ಒಂದು ಪಟ್ಟಿಗೆ ಬೆರಳು ಇಟ್ಟು, “ಅಳಿಯಂದ್ರೆ, ಇದು ಬಿಟ್ಟಿ ಊಟ ಮಾಡ್ತಾ ಇದೆ” ಅಂದರು. ಗುಡುಗಪ್ಪನ ತಲೆಗೆ ಬೆಂಕಿ ಹತ್ತಿತು. ಇವರಿಗೆ ಬುದ್ಧಿ ಬರಲಿ ಎಂದು ಅಲ್ಲೇ ಆ ಪಟ್ಟಿ ಬಿಚ್ಚಿ ಎಸೆದು, ಚೌಕಟ್ಟಿಗೆ ಭುಜ ಕೊಟ್ಟು ಗೂಳಿಯ ಹಾಗೆ ನೂಕಿದ. ಮಿಸುಕಲಿಲ್ಲ. ಆ ದಿನದಿಂದ ಅತ್ತೆಯ ಮುಂದೆ ಅವನ ಗುಡುಗು ಅರ್ಧಕ್ಕೆ ಇಳಿಯಿತು. ಆಮೇಲೆ ಅವರಿಬ್ಬರೂ ಕೇಳಿದ ಮಾದರಿಗಳನ್ನೆಲ್ಲ ತುಂಡು ಪಟ್ಟಿಗಳಲ್ಲಿ ಅವನೇ ಮಾಡಿಕೊಟ್ಟ. ಮಾಡಿನ ತೊಲೆಗಳಿಂದ ಅವು ಬಾವಲಿಗಳ ಹಾಗೆ ಸಾಲಾಗಿ ನೇತಾಡುತ್ತಿದ್ದವು. ಬಂದವರಿಗೆ ಅವನು ಮೊದಲು ತೋರಿಸುತ್ತಿದ್ದುದು ತನ್ನ ಹೊಸ ವೆಲ್ಡಿಂಗ್ ಮಿಷನ್ನನ್ನಲ್ಲ, ಅವುಗಳನ್ನು.

ಈಚೆಗೆ ಅತ್ತೆ ಮಾದರಿ ಕೇಳುವುದನ್ನು ಬಿಟ್ಟಿದ್ದರು. ಹಾಳೆಯ ಮೇಲೆ ಹಾಳೆ ತುಂಬಿಸುತ್ತಿದ್ದರು. ಇವತ್ತು ಆ ಕಟ್ಟು ತಂದು ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಚಿತ್ರ ಹುಡುಕಿದರು. ಒಂದೂ ಇರಲಿಲ್ಲ. ಎರಡು ಪುಟ ಓದಿ, ಕಟ್ಟನ್ನು ಕೊಂಡೊಯ್ದು ಕಬ್ಬಿಣ ಬಡಿಯುವ ಅಡೆಗಲ್ಲಿನ ಮೇಲೆ, ಸುತ್ತಿಗೆಯ ಪಕ್ಕ ಇಟ್ಟರು. ಜಗಳ ಹತ್ತಿದ್ದು ಅಲ್ಲಿಂದ.

ಅತ್ತೆ ಹೇಳುತ್ತಿದ್ದುದರಲ್ಲಿ ಗುಡುಗಪ್ಪನಿಗೆ ದಕ್ಕಿದ್ದು ಇಷ್ಟು. ಚುಕ್ಕಿಗಳು, ಚುಕ್ಕಿಗಳನ್ನು ಸೇರಿಸುವ ಗೆರೆಗಳು: ಈ ಚಿತ್ರಕ್ಕೆ ಅವರು ಗ್ರಾಫ್ ಅನ್ನುತ್ತಾರೆ. ಇಷ್ಟು ವರ್ಷ ಇಬ್ಬರೂ ಕಂಡುಹಿಡಿದದ್ದೆಲ್ಲ ಗ್ರಾಫಿಗೆ ಸೇರಿದ್ದು. ಈಗ ಚುಕ್ಕಿಗಳನ್ನು, ಅಂದರೆ ಕೀಲುಗಳನ್ನು, ಪೂರ್ತಿ ಅಳಿಸಿಬಿಡುವುದು. ಪಟ್ಟಿಗಳನ್ನಷ್ಟೇ ಉಳಿಸಿಕೊಂಡು, ಅವುಗಳಲ್ಲಿ ಯಾವುದು ಯಾವುದರ ಹಂಗಿನಲ್ಲಿದೆ ಎಂಬ ಒಂದೇ ಸಂಗತಿ ಬರೆದಿಡುವುದು. ಆ ಹಂಗಿನ ಲೆಕ್ಕಕ್ಕೆ ಮ್ಯಾಟ್ರಾಯ್ಡ್ ಎಂದು ಹೆಸರು. ಬಿಗಿ, ಸಡಿಲ ಎಂಬ ಇಡೀ ವಿದ್ಯೆಯನ್ನು ಅದರ ಮೇಲೆ ಮತ್ತೆ ಕಟ್ಟಿದ್ದೇನೆ ಎಂದು ಅತ್ತೆ ಅನ್ನುತ್ತಿದ್ದರು. ಆಗ ಅದು ಕಬ್ಬಿಣಕ್ಕೆ ಮಾತ್ರವಲ್ಲ, ಹಂಗು ಇರುವ ಎಲ್ಲ ಕಡೆಗೂ ಒಗ್ಗುತ್ತದಂತೆ.

ಗುಡುಗಪ್ಪನಿಗೆ ಸುಮ್ಮನಿರಲು ಆಗಲಿಲ್ಲ. ಸುಮ್ಮನಿರುವುದು ಅವನ ಜಾತಕದಲ್ಲೇ ಇರಲಿಲ್ಲ.

“ಅತ್ತೆ, ನಾನೂ ಮೇಷ್ಟ್ರ ಕಡೆನೇ. ಬೋಲ್ಟು ಹಾಕದೆ ಫ್ರೇಮು ನಿಲ್ಲಿಸು ಅಂದ್ರೆ ನಾನೇನು ಬೂದಿ ಮಂತ್ರಿಸಿ ನಿಲ್ಲಿಸ್ಲಾ?”

ಅತ್ತೆ ತಿರುಗಿ ನೋಡಿದರು. ಬೈದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತು.

“ನೋಡಿ, ಕಟ್ಟೋನೇ ಹೇಳ್ತಾ ಇದಾನೆ” ಎಂದು ಮೇಷ್ಟ್ರು ಕೊಡೆ ತೆಗೆದುಕೊಂಡರು. “ಒಂದೇ ಒಂದು ಚೌಕಟ್ಟು ತೋರಿಸಿ. ಕೀಲು ಎಣಿಸಿದ್ರೆ ಗುಟ್ಟು ಬಿಡದೇ ಇರೋದು, ನಿಮ್ಮ ಹಂಗಿನ ಲೆಕ್ಕಕ್ಕೆ ಮಾತ್ರ ಬಾಯಿ ಬಿಡೋದು. ತೋರಿಸಿದ್ರೆ ಉಳಿದದ್ದು ಓದ್ತೀನಿ. ಇಲ್ದಿದ್ರೆ ಆ ಕಾಗದದಲ್ಲಿ ಎಣ್ಣೆ ಕೈ ಒರೆಸ್ಕೊಳ್ಳಿ.”

ಅತ್ತೆ ಆ ಹೊತ್ತು ಸರಿಯಾಗಿ ಊಟ ಮಾಡಲಿಲ್ಲ. ಬೇರೆ ಯಾರಿಗಾದರೂ ಓದಲು ಕೊಡಿ, ಅವರೊಬ್ಬರೇನು ಗಣಿತಕ್ಕೆ ಗುತ್ತಿಗೆ ಹಿಡಿದಿದ್ದಾರಾ ಎಂದು ಮಗಳು ಹೇಳಿದ್ದಕ್ಕೆ ತಟ್ಟೆಯಿಂದ ತಲೆ ಎತ್ತಿದರು.

“ನನ್ನ ತಪ್ಪು ನನ್ನ ಕಣ್ಣಿಗೆ ಬೀಳಲ್ಲ ಕಣೆ, ಅವರ ಕಣ್ಣಿಗೆ ಬೀಳುತ್ತೆ. ಇಷ್ಟು ವರ್ಷ ಹಾಗೇ ನಡೆದಿದೆ. ಅವರು ಕೊನೆತನಕ ಓದಿ ಸರಿ ಅನ್ನೋವರೆಗೂ ಇದನ್ನ ನಾನು ಹೊಸ್ತಿಲು ದಾಟಿಸಲ್ಲ.”

ಗುಡುಗಪ್ಪ ಎರಡನೆಯ ಸಲ ಅನ್ನ ಬೇಡವೆಂದು ಎದ್ದ. ತಾನು ಬಾಯಿ ಹಾಕದಿದ್ದರೆ ಮೇಷ್ಟ್ರು ಮೂರನೆಯ ಪುಟಕ್ಕಾದರೂ ಹೋಗುತ್ತಿದ್ದರೇನೋ.

ಆ ವಾರ ಅವನ ಕೈಯಲ್ಲಿದ್ದದ್ದು ಮಕ್ಕಳ ಬಟ್ಟೆ ಅಂಗಡಿಯ ಕೆಲಸ. ಮುಂಬಾಗಿಲಲ್ಲಿ ನಿಲ್ಲಿಸಲು ಆರು ಮೂಲೆಯ ಚೌಕಟ್ಟು ಬೇಕಿತ್ತು. ಸುತ್ತ ಆರು ಪಟ್ಟಿ, ಎದುರುಬದುರಿನ ಮೂಲೆಗಳನ್ನು ಸೇರಿಸುವ ಮೂರು ಉದ್ದ ಪಟ್ಟಿ. ಉದ್ದದ ಮೂರರಲ್ಲಿ ಒಂದು ಮುಂದೆ, ಎರಡು ಹಿಂದೆ ಹಾದುಹೋಗುತ್ತವೆ. ನಡುವೆ ನಗುವ ಮಗುವಿನ ಮುಖ ಅಚ್ಚಾದ ಬಟ್ಟೆ ಬಿಗಿಯುತ್ತಾರೆ. ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬೇರೆ ಅಂಗಡಿಗೂ ಒಯ್ಯಬೇಕು, ಆದ್ದರಿಂದ ವೆಲ್ಡಿಂಗ್ ಇಲ್ಲ. ಮೂಲೆಗೊಂದು ಬೋಲ್ಟು, ಅಷ್ಟೆ. ಗುಡುಗಪ್ಪ ಅತ್ತೆಯ ಪಾಠದಂತೆ ಮೊದಲೇ ಎಣಿಸಿದ. ಕೀಲು ಆರು, ಎರಡರಷ್ಟು ಹನ್ನೆರಡು, ಮೂರು ಕಳೆದರೆ ಒಂಬತ್ತು. ಪಟ್ಟಿ ಒಂಬತ್ತು. ಯಾವ ತುಂಡು ಹಿಡಿದರೂ ಲೆಕ್ಕ ಮೀರಲಿಲ್ಲ. ಕಣ್ಣು ಮುಚ್ಚಿ ಕಟ್ಟಿದ.

ಅಲುಗಾಡಿತು.

ಪೂರ್ತಿ ಮಗುಚುವ ಅಲುಗಾಟವಲ್ಲ, ಅದೊಂದು ತುಂಟ ನಡುಕ. ಒಂದು ಮೂಲೆಗೆ ಬೆರಳು ತಾಗಿಸಿದರೆ ಇಡೀ ಚೌಕಟ್ಟು ಸ್ವಲ್ಪ ಸೊಟ್ಟಗಾಗಿ, ಆಮೇಲೆ ತಡೆದು ನಿಲ್ಲುತ್ತಿತ್ತು. ಗುಡುಗಪ್ಪ ಬೋಲ್ಟು ಬಿಗಿ ಮಾಡಿದ. ವಾಷರ್ ಬದಲಾಯಿಸಿದ. ಒಂಬತ್ತೂ ಪಟ್ಟಿಗಳನ್ನು ಹೊಸದಾಗಿ ಕತ್ತರಿಸಿ, ಹೊಸ ಡ್ರಿಲ್ ಬಿಟ್ಟಿನಿಂದ ತೂತು ಕೊರೆದ. ಮತ್ತೆ ಅದೇ ನಡುಕ. ಕೊನೆಗೆ ಸಿಟ್ಟಿನಿಂದ ಒದ್ದ. ಚೌಕಟ್ಟಿಗೆ ಏನೂ ಆಗಲಿಲ್ಲ, ಕಾಲಿನ ಹೆಬ್ಬೆರಳು ಊದಿಕೊಂಡಿತು. ಬಿಸಿನೀರು ತಂದ ಹೆಂಡತಿ, ಪಾಪ, ಅದಕ್ಕೂ ನಿಮ್ಮನ್ನು ಕಂಡರೆ ನಡುಕ ಅಂದಳು.

ಅಂಗಡಿಯವನು ಬಂದು ನೋಡಿ, ಮಗುವಿನ ಬಾಯಿ ಸೊಟ್ಟಗಾಗುತ್ತದಲ್ಲಾ, ನಡುವೆ ಒಂದು ಬೋಲ್ಟು ಹಾಕಿಬಿಡಿ ಎಂದು ಸಲಹೆ ಕೊಟ್ಟ.

“ಎಲ್ಲಿ ಹಾಕ್ಲಿ? ಮಗು ಮೂಗಿನ ಮೇಲಾ?” ಎಂದು ಗುಡುಗಪ್ಪ ಗುಡುಗಿದ್ದು ಮೇಲಿನ ಮನೆಗೂ ಕೇಳಿಸಿತು. ಅತ್ತೆ ಮೆಟ್ಟಿಲು ಇಳಿದು ಬಂದರು. ಭಾನುವಾರದಿಂದ ಅಳಿಯನೊಡನೆ ಮಾತು ಕಡಿಮೆಯಾಗಿತ್ತು. ಚೌಕಟ್ಟಿನ ಮುಂದೆ ನಿಂತು ಒಂದು ಮೂಲೆಯನ್ನು ಮೆಲ್ಲನೆ ನೂಕಿ, ಅದು ನಡುಗಿ ನಿಲ್ಲುವುದನ್ನು ನೋಡಿದರು.

“ಮೂಲೆಗಳನ್ನ ಹೇಗೆ ಗುರುತು ಹಾಕಿದ್ರಿ?”

“ಕೈವಾರದಲ್ಲಿ. ತಗಡಿನ ಮೇಲೆ ವೃತ್ತ ಎಳೆದು ಅಚ್ಚು ಮಾಡಿಟ್ಟಿದೀನಿ. ಆರೂ ಮೂಲೆ ಕೂದಲೆಳೆ ಆಚೆ ಈಚೆ ಇಲ್ಲ. ಬೇಕಾದ್ರೆ ಅಳೀರಿ.”

ಅತ್ತೆ ನಗತೊಡಗಿದರು. ನಗು ಹೆಚ್ಚಾಗಿ ಸ್ಟೂಲು ಎಳೆದುಕೊಂಡು ಕುಳಿತರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಗುಡುಗಪ್ಪನ ಹೆಬ್ಬೆರಳಿನ ನೋವು ತಲೆಗೇರಿತು.

“ಅಳಿಯಂದ್ರೆ, ನಾವು ಸಾಧಾರಣವಾಗಿ ಅಂತ ಬರೆದು ಕೈ ತೊಳ್ಕೊಂಡಿದ್ದು ಇದಕ್ಕೇ. ಇಂಥ ಚೌಕಟ್ಟಿನ ಆರು ಕೀಲೂ ಒಂದೇ ವೃತ್ತದ ಮೇಲೆ ಹೋಗಿ ಕೂತ್ರೆ ಎಣಿಕೆ ಸುಳ್ಳಾಗುತ್ತೆ. ಕೋಟಿಗೊಂದು ಸಲ ಆಗೋ ಅಪಘಾತ ಅಂತ ನಾವಿಬ್ರೂ ಮೇಜಿನ ಮುಂದೆ ಕೂತು ಅಂದ್ಕೊಂಡಿದ್ವಿ. ನೀವು ನೀಟಾಗಿರ್ಲಿ ಅಂತ ಪ್ರತಿ ಸಲವೂ ಅಲ್ಲೇ ಕೂರಿಸ್ತೀರ.”

“ಹಾಗಾದ್ರೆ ನೀಟಾಗಿ ಮಾಡಿದ್ದೇ ತಪ್ಪಾ?”

“ಒಂದು ಮೂಲೇನ ಗೇಣುದ್ದ ಆಚೆಗೆ ಎಳೀರಿ. ಪಟ್ಟಿ ಅಷ್ಟೇ, ಬೋಲ್ಟು ಅಷ್ಟೇ. ಆ ಮೂಲೆಗೆ ಬರೋ ಮೂರು ಪಟ್ಟಿ ಉದ್ದ ಆಗ್ಬೇಕು.”

ಸೊಟ್ಟ ಮೂತಿಯ ಚೌಕಟ್ಟು ಮಾಡುವುದಕ್ಕಿಂತ ತನ್ನ ವರ್ಕ್‌ಶಾಪು ಮುಚ್ಚುವುದು ಮೇಲು ಎಂದು ಗುಡುಗಪ್ಪ ಹಾರಾಡಿದ. ಅತ್ತೆ ವಾದ ಮಾಡದೆ ಮೇಲೆ ಹೋದರು. ಒಬ್ಬನೇ ಉಳಿದ ಮೇಲೆ ಅವನು ಗೊಣಗುತ್ತಲೇ ಮೂರು ಪಟ್ಟಿ ಕತ್ತರಿಸಿದ. ಬೋಲ್ಟು ಬಿಗಿದು ಒಂದು ಬೆರಳು ತಾಗಿಸಿದ. ಆಮೇಲೆ ಅಂಗೈ. ಆಮೇಲೆ ಭುಜ. ಚೌಕಟ್ಟು ಗೋಡೆಯ ಹಾಗೆ ನಿಂತಿತ್ತು. ಬಟ್ಟೆ ಬಿಗಿದಾಗ, ಆಚೆಗೆ ಎಳೆದ ಮೇಲಿನ ಮೂಲೆಯಿಂದಾಗಿ ಮಗು ಕತ್ತು ಚಾಚಿ ಯಾರನ್ನೋ ನೋಡುತ್ತಿರುವ ಹಾಗಿತ್ತು. ಅಂಗಡಿಯವನಿಗೆ ಅದೇ ಹಿಡಿಸಿತು, ಅದು ಬೇರೆ ಮಾತು. ಗುಡುಗಪ್ಪ ನೆಲದ ಮೇಲೆ ಕುಳಿತು ಅದನ್ನೇ ನೋಡಿದ. ಅತ್ತೆ ಮುಟ್ಟಿದ್ದು ಒಂದು ಮೂಲೆ, ಕೇಳಿದ್ದು ಒಂದು ಪ್ರಶ್ನೆ. ಇವರ ತಲೆಯೊಳಗೆ ಎಂಥ ಕಣ್ಣು ಇಟ್ಟಿದ್ದಾನಪ್ಪಾ ದೇವರು ಅನ್ನಿಸಿತು.

ಮೇಲೆ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಾರಣ ಹೇಳಿ ಎಂದು ಕೇಳಿದ. ಅಷ್ಟು ಮೆತ್ತಗಿನ ದನಿ ಅವನದೇ ಎಂದು ಹೆಂಡತಿಗೆ ನಂಬಿಕೆ ಬರಲಿಲ್ಲ. ಅತ್ತೆ ತರಕಾರಿ ಹೆಚ್ಚುತ್ತಲೇ ಹೇಳಿದರು. ಪ್ರತಿಯೊಂದು ಪಟ್ಟಿಯೂ ಚೌಕಟ್ಟಿಗೆ ಒಂದು ಮಾತು ಹೇಳುತ್ತದೆ: ಈ ಎರಡು ಮೂಲೆ ಇಷ್ಟೇ ದೂರ ಇರಲಿ ಎಂದು. ಸೊಟ್ಟ ಚೌಕಟ್ಟಿನಲ್ಲಿ ಒಂಬತ್ತು ಪಟ್ಟಿ ಒಂಬತ್ತು ಬೇರೆ ಬೇರೆ ಮಾತು ಹೇಳುತ್ತವೆ. ಮೂಲೆಗಳೆಲ್ಲ ವೃತ್ತದ ಮೇಲೆ ಕೂತ ದುಂಡನೆಯದರಲ್ಲಿ, ಸಣ್ಣ ಅಲುಗಾಟದ ಮಟ್ಟಿಗೆ, ಎಂಟು ಹೇಳಿದ್ದನ್ನೇ ಒಂಬತ್ತನೆಯದು ತಿರುಗಿಸಿ ಹೇಳುತ್ತದೆ. ಅದು ಎಂಟರ ಹಂಗಿನಲ್ಲಿದೆ. ಹಾಗಾಗಿ ಒಂದು ಮಾತು ಕಡಿಮೆ ಬಿತ್ತು. ಆ ಸಂದಿಯಲ್ಲಿ ನಡುಕ ನುಗ್ಗಿತು.

“ಚಿತ್ರ ಬರೆದ್ರೆ ಎರಡಕ್ಕೂ ಚಿತ್ರ ಒಂದೇ ಅಲ್ವಾ ಅತ್ತೆ?”

“ಒಂದೇ.”

“ಕೀಲು ಎಣಿಸಿದ್ರೂ ಒಂದೇ.”

“ಒಂದೇ.”

“ಮತ್ತೆ ಮೇಷ್ಟ್ರು ತೋರಿಸಿ ಅಂದಿದ್ದು ಇದನ್ನೇ ಅಲ್ವಾ?”

ಅತ್ತೆಯ ಕೈಯಲ್ಲಿ ಚಾಕು ನಿಂತಿತು. ನಡುಗುವ ಚೌಕಟ್ಟಿನ ವಿಚಾರ ಅವರಿಗೆ ಹಳೆಯದು. ಮೇಷ್ಟ್ರಿಗೂ ಹಳೆಯದೇ, ತಮ್ಮ ಹಳೆಯ ಲೇಖನದ ಅಡಿಟಿಪ್ಪಣಿಯಲ್ಲಿ ಇಬ್ಬರೂ ಸೇರಿ ಹೂತಿಟ್ಟದ್ದು. ಅದನ್ನೇ ಎದುರಿಗೆ ತೂಗುಹಾಕಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅಳಿಯನನ್ನು ನೋಡಿ, ಇದು ಮಾತ್ರ ನಿಮ್ಮ ಲೆಕ್ಕ ಅಂದರು. ಗುಡುಗಪ್ಪ ಆ ಮಾತನ್ನು ಪದಕದ ಹಾಗೆ ಎದೆಯ ಮೇಲೆ ಹಾಕಿಕೊಂಡು ಮೆಟ್ಟಿಲು ಇಳಿದ.

ಭಾನುವಾರ ಮೇಷ್ಟ್ರನ್ನು ಕರೆತರಲು ಅವನೇ ಹೋದ. ಬರುವುದಿಲ್ಲ ಅಂದರು. ಚೌಕಟ್ಟು ತೋರಿಸಿದರೆ ಓದುತ್ತೇನೆ ಅಂದವರು ನೀವೇ, ಗಂಡಸಾದವನಿಗೆ ಮಾತು ಒಂದೇ ಇರಬೇಕು ಎಂದು ಕೆಣಕಿದ. ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ಮೇಜಿನ ಮುಂದಿನ ತೊಲೆಗೆ ಸೊಟ್ಟನೆಯದೂ, ಉಳಿದ ಪಟ್ಟಿಗಳಿಂದ ಗುಡುಗಪ್ಪ ಮತ್ತೆ ಕಟ್ಟಿದ್ದ ದುಂಡನೆಯದೂ, ಎರಡು ಚೌಕಟ್ಟುಗಳೂ ತೂಗುತ್ತಿದ್ದವು, ಬಟ್ಟೆಯಿಲ್ಲದೆ. ಅತ್ತೆ ಸ್ಟೂಲಿನ ಮೇಲೆ ಕುಳಿತಿದ್ದರು. ಇಬ್ಬರೂ ನಮಸ್ಕಾರ ಹೇಳಲಿಲ್ಲ. ಮೇಷ್ಟ್ರು ದುಂಡನೆಯದರ ಮೂಲೆಯೊಂದನ್ನು ಹಿಡಿದು ಅಲುಗಿಸಿ ನೋಡಿದರು.

“ಕೆಲಸ ಸರಿಯಿಲ್ಲ. ತೂತು ದೊಡ್ಡದಾಗಿದೆ.”

ಗುಡುಗಪ್ಪ ಬಾಯಿ ತೆರೆದ. ಅತ್ತೆಯ ಮುಖ ನೋಡಿ ಮುಚ್ಚಿದ. ಗೋಡೆಯ ಮೊಳೆಯಿಂದ ಅಳತೆಯ ವರ್ನಿಯರ್ ತೆಗೆದು, ಬೋಲ್ಟೊಂದನ್ನು ಬಿಚ್ಚಿ, ಎರಡನ್ನೂ ಮೇಷ್ಟ್ರ ಕೈಗಿಟ್ಟ. ಮೇಷ್ಟ್ರು ಕನ್ನಡಕ ಏರಿಸಿ ಅಳೆದರು. ಇನ್ನೊಂದು ಬಿಚ್ಚಿಸಿ ಅಳೆದರು. ಆರನ್ನೂ ಅಳೆದು ಮುಗಿಸಿದಾಗ ಅವರ ಮುಖದ ಬಣ್ಣ ಬೇರೆಯಾಗಿತ್ತು. ಸೊಟ್ಟ ಚೌಕಟ್ಟಿನ ಬಳಿ ಹೋಗಿ ಅದನ್ನು ಹಿಡಿದು ಜಗ್ಗಿದರು. ತೊಲೆ ಕಿರುಗುಟ್ಟಿತು, ಚೌಕಟ್ಟು ಮಿಸುಕಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ದುಂಡನೆಯದರ ಚಿತ್ರ ಬರೆದರು. ಪಕ್ಕದಲ್ಲಿ ಸೊಟ್ಟನೆಯದನ್ನು ಬರೆಯಲು ಬಗ್ಗಿದವರು ಬರೆಯದೆ ಎದ್ದರು. ಅದೇ ಚಿತ್ರವನ್ನು ಎರಡು ಸಲ ಬರೆಯುವುದೇಕೆ?

“ವೃತ್ತ” ಅಂದರು.

“ಹೌದು” ಅಂದರು ಅತ್ತೆ.

“ಇದು ನಮಗೆ ಗೊತ್ತಿರೋದೇ ಅಲ್ವಾ ಮೇಡಂ. ಅಪವಾದ ಅಂತ ಬರೆದಿದೀವಿ.”

“ಬರೆದಿದೀವಿ. ನಮ್ಮ ಚಿತ್ರಕ್ಕೆ ಕ್ಷಮಾಪಣೆ ಕೇಳ್ದ ಹಾಗೆ. ನನ್ನ ಲೆಕ್ಕದಲ್ಲಿ ಇದು ಅಪವಾದ ಅಲ್ಲ. ಇದರ ಹಂಗು ಒಂದು ಥರ, ಅದರ ಹಂಗು ಇನ್ನೊಂದು ಥರ. ಎರಡೂ ಬೇರೆ ಬೇರೆ ವಸ್ತು. ಯಾರ ಕ್ಷಮೆನೂ ಕೇಳ್ಬೇಕಾಗಿಲ್ಲ.”

ಮೇಷ್ಟ್ರು ಜೇಬಿನಿಂದ ನಟ್ಟು ತೆಗೆದು ಬೆರಳುಗಳಲ್ಲಿ ತಿರುಗಿಸಿದರು. ಆಮೇಲೆ ಸ್ಟೂಲು ಎಳೆದುಕೊಂಡು ಕುಳಿತು, ಕೈ ಮುಂದೆ ಚಾಚಿದರು. ಅತ್ತೆ ಕಾಗದದ ಕಟ್ಟು ಕೊಟ್ಟರು.

ಗುಡುಗಪ್ಪ ಜೀವಮಾನದಲ್ಲಿ ಬೇಕಾದಷ್ಟು ಪಂದ್ಯ ನೋಡಿದ್ದ. ಇಂಥದ್ದು ನೋಡಿರಲಿಲ್ಲ. ಮೇಷ್ಟ್ರು ಒಂದು ಸಾಲನ್ನೂ ಸುಮ್ಮನೆ ಬಿಡಲಿಲ್ಲ. ಬೆರಳನ್ನು ಗೆರೆಯ ಕೆಳಗೆ ಇಟ್ಟು, ಕಳ್ಳನನ್ನು ಹುಡುಕುವ ಪೊಲೀಸಿನ ಹಾಗೆ ಪದ ಪದಕ್ಕೂ ಬಡಿದು ಮುಂದೆ ಹೋದರು. ಮೂರನೆಯ ಪುಟದಲ್ಲಿ ತಡೆದು, ಇದೇನು, ನಮ್ಮ ಹಳೆಯ ಮೂರು ಎಲ್ಲಿ ಹೋಯಿತು, ಇಲ್ಲಿ ಒಂದು ಮಾತ್ರ ಕಳೆದಿದ್ದೀರಿ ಎಂದು ಕೇಳಿದರು. ಕೀಲು ಎಣಿಸುವುದು ಬಿಟ್ಟು ಬಲ ಎಣಿಸಿದ್ದೇನೆ ಅಂದರು ಅತ್ತೆ. ಎಲ್ಲೂ ಸುತ್ತು ಬೀಳದ ಹಾಗೆ, ಅಂದರೆ ಪಟ್ಟಿಯಿಂದ ಪಟ್ಟಿಗೆ ಹೋದರೆ ಹೊರಟಲ್ಲಿಗೇ ಮರಳದ ಹಾಗೆ, ಹೆಚ್ಚೆಂದರೆ ಎಷ್ಟು ಪಟ್ಟಿ ಆರಿಸಬಹುದೋ ಅಷ್ಟು ಬಲ. ಬಲದ ಎರಡರಷ್ಟು, ಒಂದು ಕಡಿಮೆ. ಮೇಷ್ಟ್ರು ಬೆರಳಲ್ಲಿ ಎಣಿಸಿದರು. ತ್ರಿಕೋನಕ್ಕೆ ಬಲ ಎರಡು. ಎರಡರಷ್ಟು ನಾಲ್ಕು, ಒಂದು ಕಳೆದರೆ ಮೂರು ಪಟ್ಟಿ. ಚೌಕಕ್ಕೆ ಬಲ ಮೂರು. ಆರರಲ್ಲಿ ಒಂದು ಹೋದರೆ ಐದು. ಗುಡುಗಪ್ಪನೂ ಒಳಗೊಳಗೇ ಎಣಿಸಿದ. ಆರು ಮೂಲೆಯದಕ್ಕೆ ಬಲ ಐದು. ಹತ್ತರಲ್ಲಿ ಒಂದು ಹೋದರೆ ಒಂಬತ್ತು. ಕೀಲು ಎಂಬ ಮಾತೇ ಇಲ್ಲದೆ ಅದೇ ಅಂಕಿ ಬಂದು ಕೂತಿತ್ತು, ಮೊದಲಿಗಿಂತ ಸಣ್ಣ ದಾರಿಯಲ್ಲಿ.

“ಸುತ್ತು ಅಂದ್ರೆ ಹಂಗು ತಾನೇ” ಎಂದು ಮೇಷ್ಟ್ರು ಮೆಲ್ಲನೆ ಅಂದರು, ತಮಗೆ ತಾವೇ. “ಒಂದು ಹಂಗಿನ ಲೆಕ್ಕ ಕೊಟ್ರೆ, ಅದರ ಹೊಟ್ಟೆಯಿಂದ ಇನ್ನೊಂದು ಹಂಗಿನ ಲೆಕ್ಕ ಹುಟ್ಟುತ್ತೆ. ನಡುವೆ ಸೂಲಗಿತ್ತಿ ಬೇಕಿಲ್ಲ.”

ಚಹಾ ಬಂತು, ಆರಿತು. ಊಟಕ್ಕೆ ಕರೆದವಳಿಗೆ ಗುಡುಗಪ್ಪ ಬಾಯಿಯ ಮೇಲೆ ಬೆರಳಿಟ್ಟು ತೋರಿಸಿದ. ಕಟ್ಟಿನ ನಡುವಿನ ಒಂದು ಪುಟದಲ್ಲಿ ಮೇಷ್ಟ್ರ ಬೆರಳು ನಿಂತುಬಿಟ್ಟಿತು. ಹಿಂದಿನ ಪುಟಕ್ಕೆ ಹೋದರು, ಮತ್ತೆ ಬಂದರು. ಮುಖ ಅರಳಿತು. ಹತ್ತು ವರ್ಷ ಚಿಕ್ಕವರಾದ ಹಾಗೆ ಕಂಡರು. “ಇಲ್ಲಿ ತೂತಿದೆ, ಮೇಡಂ” ಅಂದರು. ಅತ್ತೆಯ ಮುಖ ಬಿಳಿಚಿತು. ಬಗ್ಗಿ ನೋಡಿದರು. ಯಾರು ಗೆಲ್ಲಲಿ ಎಂದು ಬೇಡಿಕೊಳ್ಳಬೇಕೆಂದು ಗುಡುಗಪ್ಪನಿಗೆ ತಿಳಿಯಲಿಲ್ಲ. ಇಬ್ಬರ ಮೇಲೂ ಪ್ರಾಣ. ತೂತಿದ್ದರೆ ಮೇಷ್ಟ್ರು ಮುಂದಿನ ವಾರವೂ ಬರುತ್ತಾರೆ, ಅದರ ಮುಂದಿನ ವಾರವೂ. ತೂತಿಲ್ಲದಿದ್ದರೆ ಅತ್ತೆಯ ಕೆಲಸ ಲೋಕಕ್ಕೆ ಹೋಗುತ್ತದೆ.

ಮೇಷ್ಟ್ರು ತೂತನ್ನು ದೊಡ್ಡದು ಮಾಡಲು ಪೆನ್ಸಿಲ್ ತೆಗೆದುಕೊಂಡರು. ಕಾಗದದ ಹಿಂಬದಿಯಲ್ಲಿ ಉದಾಹರಣೆಯೊಂದನ್ನು ಕಟ್ಟತೊಡಗಿದರು. ಕಟ್ಟುತ್ತ ಕಟ್ಟುತ್ತ ಕೈ ನಿಧಾನವಾಯಿತು. ಕೊನೆಗೆ ಪೆನ್ಸಿಲ್ ಕೆಳಗಿಟ್ಟು, ಕಟ್ಟಿದ್ದನ್ನೆಲ್ಲ ತಾವೇ ಗೆರೆ ಎಳೆದು ಹೊಡೆದುಹಾಕಿದರು.

“ಇಲ್ಲ. ತೂತು ನನ್ನದು. ನೀವು ಅದನ್ನ ಮೊದಲೇ ಮುಚ್ಚಿದೀರ, ಆರನೇ ಪುಟದಲ್ಲಿ. ನಾನು ಕೀಲು ಮನಸಲ್ಲಿಟ್ಕೊಂಡು ಓದಿದೆ.”

ಬೇರೆಯವನಾಗಿದ್ದರೆ ಅದನ್ನು ನುಂಗಿಕೊಂಡು ಮುಂದಿನ ಪುಟ ತಿರುಗಿಸುತ್ತಿದ್ದ. ತೂತಿಲ್ಲವೆಂಬುದು ಅತ್ತೆಗೆ ಇನ್ನೂ ಕಂಡಿರಲಿಲ್ಲ. ಸೋತದ್ದನ್ನು ಎದುರಾಳಿಗಿಂತ ಮೊದಲು ತಾನೇ ಕಂಡು ಹೇಳುವ ಪೈಲ್ವಾನನನ್ನು ಗುಡುಗಪ್ಪ ಅವತ್ತೇ ನೋಡಿದ್ದು.

ಕೊನೆಯ ಹಾಳೆ ಮುಗಿಯುವಾಗ ಬಿಸಿಲು ಶೆಟರಿನ ಅಡಿಯಿಂದ ಆಚೆಗೆ ಜಾರಿತ್ತು. ಮೇಷ್ಟ್ರು ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ, ಎರಡೂ ಕೈಯಲ್ಲಿ ಅತ್ತೆಗೆ ಕೊಟ್ಟರು.

“ಒಂದಕ್ಷರ ತಪ್ಪಿಲ್ಲ. ಅಚ್ಚಿಗೆ ಕಳಿಸಿ.”

ಅತ್ತೆ ಕಟ್ಟನ್ನು ಎದೆಗೆ ಒತ್ತಿಕೊಂಡರು. “ಇಬ್ಬರ ಹೆಸರೂ ಹಾಕ್ತೀನಿ ಮೇಷ್ಟ್ರೆ” ಅಂದರು.

“ಹಾಕಿದ್ರೆ ನಿಮ್ಮ ಮನೆ ಮುಂದೆ ನಿಂತು ಬೈತೀನಿ. ಇದರಲ್ಲಿ ನನ್ನದು ಒಂದು ಕೀಲೂ ಇಲ್ಲ.”

“ಮುಂದಿನ ಅಧ್ಯಾಯ ಇದೆ. ಮೂರು ಆಯಾಮದ್ದು. ಅದು ಗ್ರಾಫಲ್ಲೇ ಇನ್ನೂ ಬಗೆಹರಿದಿಲ್ಲ. ಕೂತ್ಕೊಳ್ಳಿ.”

“ಅದು ನೀವು ಮಾಡ್ತೀರ.” ಮೇಷ್ಟ್ರು ತಲೆ ಎತ್ತಿ ಮಾಡಿನಿಂದ ಇಳಿಬಿದ್ದಿದ್ದ ಮಾದರಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. “ನಾನು ಕಣ್ಣಲ್ಲಿ ಯೋಚನೆ ಮಾಡೋನು, ಮೇಡಂ. ನೀವು ಹೋದ ಕಡೆ ನೋಡೋಕೆ ಏನೂ ಇಲ್ಲ. ಅಲ್ಲಿ ಇರೋದು ಅಷ್ಟು ಚೆನ್ನಾಗಿದೆ ಅಂತ ಮಾತ್ರ ಗೊತ್ತಾಯ್ತು.”

ಕೊಡೆ ತೆಗೆದುಕೊಂಡರು. ಗುಡುಗಪ್ಪನ ಮುಂದೆ ನಿಂತು, ಅವನ ಎಣ್ಣೆ ಕೈಯನ್ನು ಹಿಡಿದು, ತೂತು ದೊಡ್ಡದು ಅಂದಿದ್ದು ತಪ್ಪಾಯಿತು, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ ಅಂದರು. ಗುಡುಗಪ್ಪನಿಗೆ ಏನಾದರೂ ಕೂಗಬೇಕು ಅನ್ನಿಸಿತು. ಹೋಗಬೇಡಿ ಎಂದೋ, ಊಟವನ್ನಾದರೂ ಮಾಡಿ ಎಂದೋ. ಶೆಟರನ್ನು ಇನ್ನಷ್ಟು ಮೇಲೆತ್ತಿ ಹಿಡಿದ, ಅಷ್ಟೆ. ಉದ್ದನೆಯ ಆಳು, ತಲೆ ತಾಗಬಾರದು.

ಮೇಷ್ಟ್ರು ಬಗ್ಗಿ ದಾಟಿ, ಬೀದಿಯಲ್ಲಿ ನೆಟ್ಟಗಾಗಿ, ಸೈಕಲ್ ರಿಪೇರಿ ಅಂಗಡಿಯ ತಿರುವಿನ ಕಡೆ ನಡೆದರು. ತಿರುವಿನಲ್ಲಿ ನಿಂತು ನೋಡುತ್ತಾರೆಂದು ಗುಡುಗಪ್ಪ ಕಾದ. ನಿಲ್ಲಲಿಲ್ಲ.

ಮುಂದಿನ ಭಾನುವಾರ ಅತ್ತೆ ಎರಡು ಸ್ಟೂಲುಗಳನ್ನೂ ಒರೆಸಿ ಮೇಜಿನ ಆಚೆಗೊಂದು ಈಚೆಗೊಂದು ಇಟ್ಟರು. ಅದರ ಮುಂದಿನ ಭಾನುವಾರವೂ ಇಟ್ಟರು. ಮೇಷ್ಟ್ರು ಬರಲಿಲ್ಲ.